ಚಾವಿಗೆ ಕಟ್ಟಿದ ದೀಪ

ಭಾನುವಾರ ಹನ್ನೊಂದು ಗಂಟೆಯ ಬಿಸಿಲಿನಲ್ಲಿ, ಸುರಪುರದ ತನ್ನ ಮನೆಯ ಮುಂದಿನ ಬೇವಿನ ಗಿಡದ ಕೆಳಗೆ, ಮೌನೇಶ್ವರಿ ನೆಲಕ್ಕೆ ಮೊಣಕಾಲೂರಿ ಕಾರಿನೊಳಗೆ ತಲೆ ತೂರಿಸಿದ್ದಳು. ತಲೆ, ಕೈ, ಟಾರ್ಚು ಎಲ್ಲ ಸ್ಟೀರಿಂಗಿನ ಕೆಳಗಿನ ಕತ್ತಲೆಯಲ್ಲಿ. ಬೆನ್ನು ಮತ್ತು ಕಾಲು ಮಾತ್ರ ಇಡೀ ಓಣಿಗೆ. ಓಣಿ ನೋಡುತ್ತಿದೆ ಎಂದು ಅವಳ ಬೆನ್ನಿಗೆ ಗೊತ್ತಿತ್ತು. ನಲವತ್ತೆರಡು ವರ್ಷದ ಹೆಂಗಸು, ಶಹಾಪುರದ ಐಟಿಐಯಲ್ಲಿ ಹದಿನಾಲ್ಕು ವರ್ಷದಿಂದ ಹುಡುಗರಿಗೆ ಕರೆಂಟಿನ ಪಾಠ ಹೇಳುವ ಮೇಡಂ, ಸೆರಗು ಸಿಕ್ಕಿಸಿಕೊಂಡು ಹೀಗೆ ಬಗ್ಗಿದ್ದನ್ನು ನೋಡಿ ಎದುರು ಮನೆಯ ತಾಯಪ್ಪ ಕಾಕಾ ಸುಮ್ಮನಿರುವ ಮನುಷ್ಯನಲ್ಲ. ಸುಮ್ಮನಿರಲೂ ಇಲ್ಲ. “ಮೇಡಮ್ಮಾರ, ಇವತ್ತು ಐತವಾರ. ಧಕ್ಕಾ ಸೋಮಾರಕ್ಕಲ್ಲೇನ್ರಿ?” ಎಂದು ಕಟ್ಟೆಯ ಮೇಲಿಂದಲೇ ಕೂಗಿದ. ಉತ್ತರವನ್ನು ಇವತ್ತು ತಂತಿಯಲ್ಲಿ ಕೊಡುವುದೆಂದು ನಿಶ್ಚಯಿಸಿಕೊಂಡೇ ಅವಳು ಮೊಣಕಾಲೂರಿದ್ದಳು.

ಸೋಮವಾರದ ಧಕ್ಕಾ. ಎಂಟು ತಿಂಗಳಲ್ಲಿ ಹನ್ನೊಂದು ಸೋಮವಾರ. ಶನಿವಾರ ಸಂಜೆ ನಿಂತ ಕಾರು ಸೋಮವಾರ ಬೆಳಿಗ್ಗೆ ಚಾವಿ ತಿರುವಿದರೆ ಮುದುಕನ ಹಾಗೆ ಒಮ್ಮೆ ಕೆಮ್ಮಿ ಸುಮ್ಮನಾಗುತ್ತಿತ್ತು. ಆಗ ತಾಯಪ್ಪ ಕಾಕಾ ಕಾರು ತಳ್ಳಲು ಅಂಗಿಯ ತೋಳು ಮಡಚುತ್ತ ಬರುತ್ತಿದ್ದ, ಅವನ ಹಿಂದೆ ಇನ್ನಿಬ್ಬರು, ಹಾಲು ತರಲು ಹೊರಟವರು, ಹಲ್ಲುಜ್ಜುತ್ತಿದ್ದವರು. ಎಲ್ಲ ಒಳ್ಳೆಯ ಜನರೇ. ಒಳ್ಳೆಯತನವೇ ಅವಳನ್ನು ಕೊಲ್ಲುತ್ತಿತ್ತು. ಸ್ಟೀರಿಂಗ್ ಹಿಡಿದು ಕೂತವಳಿಗೆ ಹಿಂದಿನಿಂದ “ಹೋ... ಹೋ...” ಎನ್ನುವ ದನಿ ಕೇಳುವಾಗ, ಕ್ಲಚ್ಚು ಬಿಟ್ಟ ಗಳಿಗೆಯಲ್ಲಿ ಕಾರು ಮುಗ್ಗರಿಸಿ ಎದ್ದು ಹೊಗೆ ಬಿಟ್ಟಾಗ, ಯಾರೋ ಒಬ್ಬರು “ಮೇಡಂ ಕರೆಂಟಿನ ಮಾಸ್ತರು ನೋಡು, ಆದ್ರ ಮನ್ಯಾಗೇ ಕರೆಂಟಿಲ್ಲ” ಎಂದಾಗ, ಅವಳು ನಗುತ್ತಿದ್ದಳು. ನಗದಿದ್ದರೆ ಇನ್ನೂ ಕೀಳು. ಒಂದು ಸೋಮವಾರ ಐಟಿಐ ಗೇಟಿನಲ್ಲಿ ಎಂಜಿನ್ ಬಂದಾಯಿತು; ಅಲ್ಲಿ ತಳ್ಳಿದವರು ಅವಳ ವಿದ್ಯಾರ್ಥಿಗಳು. ಆ ದಿನದ ಪಾಠ ಬ್ಯಾಟರಿಯ ಆರೈಕೆ. ಹಲಗೆಯ ಮೇಲೆ ಬರೆಯುವಾಗ ಬೆನ್ನ ಹಿಂದೆ ಇಡೀ ಕ್ಲಾಸು ಉಸಿರು ಹಿಡಿದು ನಗೆ ನುಂಗುತ್ತಿತ್ತು. ನುಂಗಿದ ನಗೆಗೂ ಒಂದು ಸಪ್ಪಳ ಇರುತ್ತದೆ.

ಕಾರಣ ಅವಳಿಗೆ ಗೊತ್ತಿತ್ತು. ಅಥವಾ ಗೊತ್ತಿತ್ತು ಎಂದುಕೊಂಡಿದ್ದಳು. ಡ್ಯಾಶ್‌ಬೋರ್ಡಿನ ಮೇಲೆ ಅಬ್ಬೆತುಮಕೂರು ಮಠದ ಅಜ್ಜನ ಸಣ್ಣ ಫೋಟೋ, ಅದರ ಮುಂದೆ ಕೆಂಪು ಗಾಜಿನೊಳಗೊಂದು ದೀಪ. ದೀಪದ ವಾಯರು ಗೇರಿನ ಹತ್ತಿರದ ಚಾರ್ಜರ್ ಪಾಯಿಂಟಿಗೆ. ಈ ಕಾರಿನಲ್ಲಿ ಆ ಪಾಯಿಂಟಿಗೆ ಚಾವಿಯ ಹಂಗಿಲ್ಲ. ಚಾವಿ ತೆಗೆದು ಮನೆಗೆ ಒಯ್ದರೂ ಹಗಲಿರುಳು ಕರೆಂಟು ಬರುತ್ತಲೇ ಇರುತ್ತದೆ. ಎಲ್‌ಇಡಿಯಾದರೂ ಹಾಕೋಣವೆಂದರೆ ಅತ್ತೆ ಸುಗಲಮ್ಮ ಒಪ್ಪಿರಲಿಲ್ಲ. ಅದರ ಮೇಲೆ ಕೈ ಇಟ್ಟು ನೋಡಿ, “ಇದು ತಣ್ಣಗದ. ದೀಪ ಅಂದ್ರ ಕೈಗೆ ಬಿಸಿ ಹತ್ತಬೇಕು” ಎಂದು ತಾನೇ ಅಂಗಡಿಗೆ ಹೋಗಿ ಹಳೆಯ ಕಾಲದ ತಂತಿ ಬಲ್ಬು ಹಾಕಿಸಿಕೊಂಡು ಬಂದಿದ್ದಳು. ಐದು ವ್ಯಾಟು. ಎರಡು ರಾತ್ರಿ ಒಂದು ಹಗಲು ಉರಿದರೆ ಬ್ಯಾಟರಿಯ ರಕ್ತ ಹೀರಲು ಐದು ವ್ಯಾಟು ಸಾಕು. ಕಿತ್ತು ಇಡಬಹುದಿತ್ತು. ಆದರೆ ಆ ದೀಪ ಬಂದದ್ದು ಲಕ್ಷ್ಮಿಕಾಂತನ ಜೀವದ ಜೊತೆಗೆ. ಗೋಗಿಯ ಹತ್ತಿರ ಇದೇ ಕಾರು ಗಂಡನನ್ನು ಒಳಗಿಟ್ಟುಕೊಂಡು ಎರಡು ಸಲ ಪಲ್ಟಿ ಹೊಡೆದಿತ್ತು, ಅವನಿಗೆ ಒಂದು ಮೊಣಕೈ ತರಚಿದ್ದು ಬಿಟ್ಟರೆ ಏನೂ ಆಗಿರಲಿಲ್ಲ. ಅಂದಿನಿಂದ ಅವನು ಸ್ಟೀರಿಂಗ್ ಮುಟ್ಟಿಲ್ಲ. ಯಾದಗಿರಿಯ ಔಷಧ ಅಂಗಡಿಯ ಕೆಲಸಕ್ಕೆ, ಭಾನುವಾರವೂ ಬಿಡದೆ, ಬಸ್ಸಿನಲ್ಲೇ ಹೋಗಿಬರುತ್ತಾನೆ. ಎಂಟು ತಿಂಗಳ ಹಿಂದೆ ಕಾರು ಗ್ಯಾರೇಜಿನಿಂದ ಬಂದ ದಿನ ಸುಗಲಮ್ಮ ದೀಪ ಕೂರಿಸಿ, “ಇದು ಇರೂತನಕ ನನ್ನ ಮಗ ಇರ್ತಾನ” ಎಂದುಬಿಟ್ಟಳು. ಹೀಗೆ ಹೇಳಿದ ಮೇಲೆ ಯಾವ ಸೊಸೆ ಪ್ಲಗ್ಗಿಗೆ ಕೈ ಹಾಕುತ್ತಾಳೆ?

ಮೌನೇಶ್ವರಿ ಹಾಕಿದ್ದಳು. ಕದ್ದು. ಎಂಟು ತಿಂಗಳಿನಿಂದ, ದಿನಾ ಸಂಜೆ ಕಾರು ನಿಲ್ಲಿಸಿ ಇಳಿಯುವ ಮುಂಚೆ, ಪ್ಲಗ್ಗನ್ನು ಒಂದು ಬೆರಳಿನಷ್ಟು ಹೊರಗೆ ಎಳೆದಿಡುತ್ತಿದ್ದಳು. ಪೂರ್ತಿ ಕಿತ್ತರೆ ಕಾಣುತ್ತದೆ. ಬೆರಳಷ್ಟು ಎಳೆದರೆ ಪ್ಲಗ್ಗು ಕೂತಂತೆಯೇ ಇರುತ್ತದೆ, ಕರೆಂಟು ಮಾತ್ರ ಇರುವುದಿಲ್ಲ. ಬೆಳಿಗ್ಗೆ ಕೂತ ಕೂಡಲೇ ಮತ್ತೆ ಒತ್ತಿಬಿಡುತ್ತಿದ್ದಳು. ಒತ್ತುವಾಗ ಅವಳು ಅತ್ತ ನೋಡುತ್ತಿರಲಿಲ್ಲ. ಅಜ್ಜನ ಕಣ್ಣು ನೇರ ತನ್ನ ಮೇಲಿರುತ್ತದೆ ಎನಿಸಿ ಮುಖ ತಿರುಗಿಸಿ, ಕುರುಡರು ತಡವಿದ ಹಾಗೆ ಬೆರಳಿನಿಂದಲೇ ಒತ್ತುತ್ತಿದ್ದಳು, ಅದು ಒಳಗೆ ಸರಿಯಿತೋ ಇಲ್ಲವೋ ಎಂದು ಕೂಡ ಗಮನಿಸದೆ. ದೇವರನ್ನು ನಂಬದವಳಲ್ಲ, ನಂಬಿದವಳೂ ಅಲ್ಲ. ಗಂಡನ ಬಸ್ಸು ಅರ್ಧ ಗಂಟೆ ತಡವಾದ ಸಂಜೆ ಮಾತ್ರ ಆ ಒಂದು ಬೆರಳಿನ ಸಂದಿ ಎದೆಯಲ್ಲಿ ಚುಚ್ಚುತ್ತಿತ್ತು. ಇಷ್ಟೆಲ್ಲ ಪಾಪ ಕಟ್ಟಿಕೊಂಡ ಮೇಲೂ ಸೋಮವಾರ ಕಾರು ಸತ್ತೇ ಇರುತ್ತಿತ್ತು. ಇದೇ ಅವಳನ್ನು ಒಳಗೊಳಗೇ ತಿಂದದ್ದು. ದೀಪ ಕಿತ್ತಿದ್ದೇನೆ, ಮತ್ತೆ ಕರೆಂಟು ಎಲ್ಲಿ ಸೋರುತ್ತಿದೆ? ಐಟಿಐಯಲ್ಲಿ ಊಟದ ಬಿಡುವಿನಲ್ಲಿ ಪ್ಲಗ್ಗು ಎಳೆದಿಟ್ಟು ಮೀಟರು ಹಿಡಿದು ಅಳೆದಳು, ಸೋರಿಕೆ ಇಲ್ಲ. ಮತ್ತೆ ಅಳೆದಳು, ಇಲ್ಲ. ಮೀಟರು ಸುಳ್ಳು, ಇಲ್ಲವೇ ಹದಿನಾಲ್ಕು ವರ್ಷ ತಾನು ಹೇಳಿದ ಪಾಠ ಸುಳ್ಳು. ಕೊನೆಗೆ, ಅಜ್ಜನೇ ಸಿಟ್ಟಾಗಿದ್ದಾನೋ ಏನೋ ಎಂದು ಕೂಡ ಅನಿಸಿ, ಅನಿಸಿದ್ದಕ್ಕೆ ನಾಚಿಕೆಪಟ್ಟಳು.

ಇವತ್ತು ಬೆಳಿಗ್ಗೆ ನೋಡಿದರೆ ಪ್ಲಗ್ಗು ಪೂರ್ತಿ ಒಳಗಿತ್ತು, ದೀಪ ಉರಿಯುತ್ತಿತ್ತು. ನಿನ್ನೆ ಎಳೆದಿದ್ದೆನೋ ಇಲ್ಲವೋ. ಎಳೆದ ನೆನಪಿದೆ, ಆದರೆ ದಿನಾ ಮಾಡುವ ಕೆಲಸದ ನೆನಪನ್ನು ನಂಬಬಾರದು. ಸಾಕು, ಈ ಕಳ್ಳಾಟ ಇವತ್ತಿಗೆ ಮುಗಿಯಬೇಕು ಎಂದುಕೊಂಡಳು. ಚಾವಿ ತೆಗೆದರೆ ಆ ಪಾಯಿಂಟು ತಾನೇ ಬಂದಾಗಬೇಕು, ಚಾವಿ ಹಾಕಿದರೆ ತಾನೇ ಬರಬೇಕು. ಅತ್ತೆ ದೋರನಹಳ್ಳಿಗೆ ತಂಗಿಯ ಮನೆಗೆ ಹೋಗಿದ್ದಳು, ನಾಲ್ಕಕ್ಕೆ ಬರುತ್ತಾಳೆ. ಅಷ್ಟರೊಳಗೆ ಮುಗಿಸಿ, ಬಂದ ಮೇಲೆ ಎಲ್ಲ ಹೇಳಿಬಿಡುವುದು. ಹೇಳುವ ಮಾತನ್ನೂ ಕಟ್ಟಿಟ್ಟುಕೊಂಡಿದ್ದಳು: ಎಂಟು ತಿಂಗಳಿನಿಂದ ದಿನಾ ರಾತ್ರಿ ದೀಪ ಇರಲಿಲ್ಲ, ನಿಮ್ಮ ಮಗ ಗುಂಡುಕಲ್ಲಿನ ಹಾಗೆ ಇದ್ದಾನೆ. ಇದಕ್ಕಿಂತ ದೊಡ್ಡ ಪುರಾವೆ ಬೇಕೆ?

ಈ ಕೆಲಸ ಎರಡು ವಾರದ ಹಿಂದೆಯೇ ಆಗಬೇಕಿತ್ತು. ಶಹಾಪುರ ರೋಡಿನ ಮೆಕ್ಯಾನಿಕ್ ಲಾಡ್ಲೇಸಾಬನ ಹತ್ತಿರ ಕೇಳಿದಾಗ ಅವನು ಫ್ಯೂಜಿನ ಡಬ್ಬಿ ತೆಗೆದು, ಮುಚ್ಚಳದ ಮೇಲೆ ಬರೆದದ್ದರ ಮೇಲೆ ಬೆರಳಿಟ್ಟು, “ಚಾವಿ ಜೊತಿ ಬಂದ್ ಚಾಲೂ ಆಗೂದು ಇದೊಂದೇ ನೋಡ್ರಿ ಮೇಡಂ. ಆದ್ರ ಇದು ಎಸಿದು. ಮುಟ್ಟಿದ್ರ ತಂಪು ಹೋಗ್ತದ, ಬ್ಯಾಸಿಗ್ಯಾಗ ನನಗ ಬೈತೀರಿ” ಎಂದಿದ್ದ. ಎಷ್ಟು ಗಟ್ಟಿಯಾಗಿ ಹೇಳಿದನೆಂದರೆ ಅವಳು ಹೌದ್ರಿ ಎಂದು ತಲೆಯಾಡಿಸಿ ಬಂದಿದ್ದಳು. ಕೈಗೆ ಗ್ರೀಸು ಹತ್ತಿದವರ ಮುಂದೆ ಸೀಮೆಸುಣ್ಣದ ಕೈಯವರು ತಲೆಯಾಡಿಸುವುದು ಅವಳ ಹಳೆಯ ರೋಗ. ನಿನ್ನೆ ಚಷ್ಮಾ ಹಾಕಿಕೊಂಡು ನೋಡಿದಾಗ ಅಲ್ಲಿ ಇದ್ದದ್ದು ಎರಡು ಅಕ್ಷರವಲ್ಲ, ಮೂರು. ಎ, ಸಿ, ಇನ್ನೊಂದು ಸಿ. ಆಕ್ಸೆಸರಿ, ಎಂದರೆ ಚಾವಿಯ ಮೊದಲ ತಿರುವಿಗೆ ಜೀವ ಬರುವ ಸಾಮಾನುಗಳ ಲೈನು. ಫೋನಿನಲ್ಲಿ ಕೇಳಿದರೆ ಲಾಡ್ಲೇಸಾಬ, “ಎಸಿಸಿ ಅಂದ್ರ ಸಿಮೆಂಟ್ ಅಲ್ಲೇನ್ರಿ? ಗಾಡ್ಯಾಗ ಸಿಮೆಂಟ್ ಎಲ್ಲಿಂದ ಬರಬೇಕು?” ಎಂದ. ಒಂದು ‘ಸಿ’ ಓದದೆ ಇಬ್ಬರೂ ಎರಡು ವಾರ ಕಳೆದಿದ್ದರು. ಅವಳಿಗೆ ಅವನ ಮೇಲೆ ಸಿಟ್ಟು ಬರಲಿಲ್ಲ, ತನ್ನ ಮೇಲೆ ಬಂತು. ಆ ಸಿಟ್ಟು ಒಳ್ಳೆಯದಾಗಿತ್ತು, ಅದೇ ಅವಳ ಕೈಗೆ ಸ್ಕ್ರೂಡ್ರೈವರು ಕೊಟ್ಟದ್ದು.

ಬ್ಯಾಟರಿಯ ತಂತಿ ಬಿಚ್ಚಿದಳು, ದೀಪ ಹೋಯಿತು. ಅತ್ತ ನೋಡಲಿಲ್ಲ. ಕೂರಿಸಲು ತಂದಿಟ್ಟುಕೊಂಡಿದ್ದ ರಿಲೇ ಎನ್ನುವುದು ಬೆಂಕಿಪೆಟ್ಟಿಗೆಗಿಂತ ಸಣ್ಣ ಕರಿಯ ಡಬ್ಬಿ. ಅದರೊಳಗೆ ಒಂದು ಸುರುಳಿ, ಒಂದು ನಾಲಿಗೆ. ಚಾವಿಯ ಲೈನಿನಿಂದ ಕೂದಲೆಳೆಯಷ್ಟು ಕರೆಂಟು ಬಂದರೆ ಸುರುಳಿ ನಾಲಿಗೆಯನ್ನು ಎಳೆದುಕೊಳ್ಳುತ್ತದೆ, ಆಗ ಬ್ಯಾಟರಿಯ ದೊಡ್ಡ ಕರೆಂಟು ದಾಟಿ ಹೋಗುತ್ತದೆ. ಸಣ್ಣದು ಅಪ್ಪಣೆ ಕೊಡುತ್ತದೆ, ದೊಡ್ಡದು ಕೇಳುತ್ತದೆ. ಹದಿನಾಲ್ಕು ವರ್ಷ ಇದೇ ವಾಕ್ಯವನ್ನು ಹಲಗೆಯ ಮೇಲೆ ಬರೆದಿದ್ದಳು, ಹುಡುಗರು ಬರೆದುಕೊಂಡಿದ್ದರು, ಪರೀಕ್ಷೆ ಮುಗಿಸಿ ಮರೆತಿದ್ದರು. ಆದರೆ ಒಂದು ಕಾರಿಗೆ ತನ್ನ ಕೈಯಾರೆ ಅವಳು ಎಂದೂ ಜೋಡಿಸಿರಲಿಲ್ಲ. ನಾಲ್ಕು ಕಾಲು, ನಾಲ್ಕು ತಂತಿ. ಒಂದು ಚಾವಿಯ ಲೈನಿಗೆ, ಒಂದು ಕಾರಿನ ಮೈಗೆ, ಒಂದು ಫ್ಯೂಜು ದಾಟಿ ಬ್ಯಾಟರಿಗೆ, ಕೊನೆಯದು ದೀಪದ ಪಾಯಿಂಟಿಗೆ. ಮೊದಲ ಸಲ ಎರಡು ಅದಲುಬದಲಾಗಿ, ಬ್ಯಾಟರಿ ಮತ್ತೆ ಹಚ್ಚಿದ ಕೂಡಲೇ ಫ್ಯೂಜು ಚಟ್ಟೆಂದು ಸುಟ್ಟಿತು. ಬೆವರು ಕಣ್ಣಿಗಿಳಿಯಿತು. ಹೊರಗೆ ತಾಯಪ್ಪ ಕಾಕಾ ಯಾರಿಗೋ, “ಬಿಚ್ಚೂದು ಸರಳ, ಜೋಡಸೂದು ನೋಡಬೇಕು” ಎನ್ನುವುದು ಕೇಳಿಸಿತು. ಎರಡನೇ ಸಲ ಪ್ರತಿ ತಂತಿಯ ಮೇಲೂ ಸುಣ್ಣದ ಗುರುತು ಹಾಕಿ, ಕ್ಲಾಸಿನಲ್ಲಿ ದಡ್ಡ ಹುಡುಗನಿಗೆ ಹೇಳುವ ಹಾಗೆ ತನಗೆ ತಾನೇ ಜೋರಾಗಿ ಹೇಳಿಕೊಳ್ಳುತ್ತ ಜೋಡಿಸಿದಳು. ಮೂರು ಗಂಟೆಗೆ ಚಾವಿ ತಿರುವಿದಳು. ಟಕ್. ಅಷ್ಟೇ ಸಪ್ಪಳ. ಕೆಂಪು ಗಾಜಿನೊಳಗೆ ಬೆಳಕು ಬಂತು. ಚಾವಿ ಹಿಂದಕ್ಕೆ. ಟಕ್, ಹೋಯಿತು. ಮೀಟರು ಹಚ್ಚಿ ನೋಡಿದಳು: ಸೊನ್ನೆ ಬಿಂದು ಸೊನ್ನೆ ಎರಡು ಆಂಪಿಯರ್. ಏನೂ ಇಲ್ಲವೆನ್ನುವಷ್ಟು. ಯಾರಿಗೂ ಹೇಳಬೇಕೆನಿಸಲಿಲ್ಲ, ಸೀಟಿನಲ್ಲಿ ಕೂತು ಹತ್ತು ಸಲ ಟಕ್ ಟಕ್ ಅನ್ನಿಸಿದಳು. ಮದುವೆಯಾದಾಗ, ನೌಕರಿ ಸಿಕ್ಕಾಗ ಆಗಿದ್ದ ಖುಷಿಗಳಲ್ಲಿ ಎಲ್ಲ ಬೇರೆಯವರ ಪಾಲೂ ಇತ್ತು. ಇದು ಇಡಿಯಾಗಿ ಅವಳದು.

ನಾಲ್ಕೂವರೆಗೆ ಸುಗಲಮ್ಮ ಬಂದಳು. ಕೈಕಾಲು ತೊಳೆದು, ಚಹಾ ಕುಡಿದು, ತಂಗಿಯ ಮನೆಯ ಸುದ್ದಿಯನ್ನೆಲ್ಲ ಹೇಳಿ ಮುಗಿಸುವ ತನಕ ಮೌನೇಶ್ವರಿ ಕಾದಳು. ಆಮೇಲೆ ಕಾರಿನ ಹತ್ತಿರ ಕರೆದುಕೊಂಡು ಹೋಗಿ, ಮುಂದಿನ ಸೀಟಿನಲ್ಲಿ ಕೂರಿಸಿ, ಚಾವಿ ತಿರುವಿ ದೀಪ ಹಚ್ಚಿ, ನೆಲ ನೋಡುತ್ತ ಹೇಳಿದಳು. “ಅತ್ತಿ, ನಿಮಗೊಂದು ಹೇಳಬೇಕ್ರಿ. ಎಂಟು ತಿಂಗಳಾತು, ದಿನಾ ಸಂಜಿಗೆ ನಾ ಈ ದೀಪದ ಪ್ಲಗ್ ಎಳೆದಿಡತೀನಿ. ರಾತ್ರಿ ದೀಪ ಇರೂದಿಲ್ಲ. ಮುಂಜಾನೆ ಮತ್ತ ಒತ್ತತೀನಿ. ಇವತ್ತೊಂದು ಡಬ್ಬಿ ಕುಂದ್ರಿಸೀನಿ, ಅದರಾಗ ಸಣ್ಣ ಕರೆಂಟ್ ಹೇಳಿದಂಗ ದೊಡ್ಡದು ಕೇಳ್ತದ, ಇನ್ನ ದೀಪ ಚಾವಿ ಜೊತಿಗೇ ಬಂದ್ ಚಾಲೂ ಆಗ್ತದ. ನೀವು ಬೈದ್ರೂ ನಡೀತದ. ಆದ್ರ ನೋಡ್ರಿ, ಇವರಿಗೇನರೇ ಆಗೇದೇನು?”

ಸುಗಲಮ್ಮ ಪ್ಲಗ್ಗಿನ ಮೇಲೆ ಹೆಬ್ಬೆರಳಿಟ್ಟಳು. ಆಮೇಲೆ ಸಣ್ಣಗೆ, “ಅದು ನೀ ಎಳೀತಿದ್ದೇನು?” ಎಂದಳು. “ಹೌದ್ರಿ.” “ಅಯ್ಯ ನನ್ನವ್ವ! ರೋಡಿನ ಕುಕ್ಕಿಗೆ ಸಡಲಾಗ್ತದಂತ ತಿಳಿದು ನಾ ದಿನಾ ಹೊತ್ತು ಮುಳುಗೂದ್ರಾಗ ಬಂದು ಒತ್ತಿ ಹೋಗ್ತಿದ್ದೆನಲ್ಲ. ನೀ ರೊಟ್ಟಿ ಬಡೀವಾಗ. ನಿನ್ನೀನೂ ಒತ್ತೀನಿ. ನಿನಗ ಹೇಳಿದ್ರ, ಈ ಮುದುಕಿಗೆ ಬ್ಯಾರೆ ಕೆಲಸಿಲ್ಲ ಅಂತೀದಿ ಅಂತ ಸುಮ್ಮನಿದ್ದೆ.”

ಮೌನೇಶ್ವರಿಗೆ ಮೊದಲು ಬಂದದ್ದು ನಗು. ಸೋರಿಕೆ ಸಿಕ್ಕಿತ್ತು! ಮೀಟರು ಸುಳ್ಳು ಹೇಳಿರಲಿಲ್ಲ, ಪಾಠ ಸುಳ್ಳಾಗಿರಲಿಲ್ಲ, ಅಜ್ಜನಿಗೆ ಸಿಟ್ಟೂ ಬಂದಿರಲಿಲ್ಲ. ಎಂಟು ತಿಂಗಳು ಅವಳು ಹುಡುಕಿದ ಸೋರಿಕೆ ಒಂದು ಮುದಿ ಹೆಬ್ಬೆರಳು. ಬಾಯಿಗೆ ಸೆರಗು ಹಿಡಿದು ನಕ್ಕಳು. ನಗು ಅರ್ಧಕ್ಕೆ ಬಂದಾಗ ಇನ್ನೊಂದು ತಿಳಿಯಿತು, ನಗು ಅಲ್ಲೇ ನಿಂತಿತು. ಹಾಗಾದರೆ ದೀಪ ಎಲ್ಲ ರಾತ್ರಿಯೂ ಉರಿದೇ ಇತ್ತು. ತನ್ನ ಹತ್ತಿರ ಇದ್ದ ಒಂದೇ ಪುರಾವೆ ಗಾಳಿಗೆ ಹೋಯಿತು. ಇದೇ ಸಂಜೆ ಮೊದಲ ಸಲ ದೀಪ ನಿಜವಾಗಿ ಬಂದಾಗಬೇಕು, ಲಕ್ಷ್ಮಿಕಾಂತ ಇನ್ನೂ ಯಾದಗಿರಿಯ ಬಸ್ಸಿನಲ್ಲಿದ್ದಾನೆ. ಸುಗಲಮ್ಮನ ಮುಖದಲ್ಲೂ ಅದೇ ಲೆಕ್ಕ ನಡೆದದ್ದು ಕಂಡಿತು. ಏನಾದರೂ ಹೇಳಬೇಕೆಂದು ಮೌನೇಶ್ವರಿ ದುಡುಕಿ ಹೇಳಿಬಿಟ್ಟಳು: “ಪಂಚಮಿಗೆ ನಾಕು ದಿನ ಗಾಡಿ ನಿಂತಾಗ ಬ್ಯಾಟರಿ ಪೂರಾ ಸತ್ತು ಹಾರ್ನ್ ಸೈತ ಹೊಡೀಲಿಲ್ಲಲ್ರಿ, ಆವತ್ತು ದೀಪ ತಾನೇ ಆರಿತ್ತಲ್ರಿ...”

“ಆರಿತು ಅನಬ್ಯಾಡ!” ಸುಗಲಮ್ಮನ ಕೈ ಸೊಸೆಯ ಬಾಯಿ ಮುಚ್ಚಿತು. ಕೈಯಲ್ಲಿ ದೋರನಹಳ್ಳಿಯ ಮಲ್ಲಿಗೆಯ ವಾಸನೆ. ಹಾಗೇ ಮುಚ್ಚಿಕೊಂಡು ಮುದುಕಿ ದೀಪವನ್ನೇ ನೋಡಿದಳು. ಮೆಲ್ಲಗೆ ಕೈ ತೆಗೆದಳು. “ಖರೇನ ಅಂತಿ. ಆರಿತ್ತು. ನೋಡವರಿಲ್ಲದ, ಎಣ್ಣಿ ತೀರಿದಂಗ, ತಾನೇ ಆರಿತ್ತು. ಹನ್ನೊಂದು ಸಲ ನಾವು ಅದನ್ನ ಉಪಾಸ ಕೊಂದಂಗಾತು.” ಸ್ವಲ್ಪ ತಡೆದು, “ಮನ್ಯಾಗ ನಾವು ದೀಪ ಆರಸ್ತೀವೇನು? ಹೂವಿಲೆ ಶಾಂತ ಮಾಡ್ತೀವಿ. ಮರುದಿನ ಮತ್ತ ಹಚ್ಚತೀವಿ. ಆರೂದು ಬ್ಯಾರೆ, ಶಾಂತ ಮಾಡೂದು ಬ್ಯಾರೆ. ನಿನ್ನ ಈ ಡಬ್ಬಿ ಯಾವುದು ಮಾಡ್ತದ?”

ಹದಿನಾಲ್ಕು ವರ್ಷದಲ್ಲಿ ಯಾವ ವಿದ್ಯಾರ್ಥಿಯೂ ಇಂಥ ಪ್ರಶ್ನೆ ಕೇಳಿರಲಿಲ್ಲ. “ಶಾಂತ ಮಾಡ್ತದ್ರಿ ಅತ್ತಿ,” ಎಂದಳು ಮೌನೇಶ್ವರಿ. “ಚಾವಿ ತಿರುವಿದವರ ಕೈಲೆ ಹಚ್ಚತದ, ಅವರ ಕೈಲೇ ಶಾಂತ ಮಾಡ್ತದ.”

“ಚಾವಿ ನನ್ನ ಕೈಗೆ ಬಿಡು.” ಎಪ್ಪತ್ತರ ಸುಗಲಮ್ಮ ಈ ಜನ್ಮದಲ್ಲಿ ಮೊದಲ ಸಲ ಸ್ಟೀರಿಂಗಿನ ಹಿಂದೆ ಕೂತಳು. “ಇವರು ಬರಲಿ ಅತ್ತಿ, ಬಂದ ಮ್ಯಾಲೆ ಮಾಡೋಣು” ಎಂದರೆ, “ಅಂಜಿ ಹಚ್ಚಿದ ದೀಪ ಅಂಜಿಕಿನ ಕೊಡ್ತದ” ಎಂದಳು. ಮುಡಿಯ ಹೂವಿನ ಒಂದು ಎಸಳು ಕಿತ್ತು ಕೆಂಪು ಗಾಜಿಗೆ ಮುಟ್ಟಿಸಿ, “ಶಾಂತಾಗು ತಾಯಿ, ನಾಳಿಗೆ ಬಾ” ಎಂದು ಚಾವಿ ಹಿಂದಕ್ಕೆ ತಿರುವಿದಳು. ಟಕ್.

ಆರು ಗಂಟೆಗೆ ಬರಬೇಕಾದ ಬಸ್ಸು ಆರೂವರೆಗೂ ಬರಲಿಲ್ಲ. ಸುಗಲಮ್ಮ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಳು, ಒಂದೇ ತಾಳ. ತಾಳ ತಪ್ಪಿದ್ದು ವಿಜ್ಞಾನ ಓದಿದವಳದು. ಮೌನೇಶ್ವರಿ ಬಾಗಿಲಿಗೂ ಅಡಿಗೆಮನೆಗೂ ತಿರುಗಿದಳು. ಫೋನ್ ಮಾಡಿದಳು, ಸ್ವಿಚ್ ಆಫ್. ಅವನ ಫೋನಿನ ಬ್ಯಾಟರಿ ಸಂಜೆಗೆ ಸಾಯುವುದು ದಿನದ ಮಾತು, ಅದು ಗೊತ್ತಿದ್ದೂ ಮತ್ತೆ ಮಾಡಿದಳು. ಗೋಗಿಯ ರಸ್ತೆ, ಮಗುಚಿದ ಕಾರು, ಗಾಳಿಯಲ್ಲಿ ತಿರುಗುತ್ತಿದ್ದ ಗಾಲಿ. ಅವಳ ಕೈ ಮೊಳೆಗೆ ತೂಗುಹಾಕಿದ ಚಾವಿಯನ್ನು ತೆಗೆದುಕೊಂಡಿತು. ಒಮ್ಮೆ, ಬರೇ ಒಮ್ಮೆ ಹಚ್ಚಿಬಿಟ್ಟರೆ? ಹೊಸ್ತಿಲು ದಾಟುವಾಗ ಒಳಗಿನಿಂದ ದನಿ ಬಂತು: “ಕುಂದ್ರು ಮೌನವ್ವ. ಶಾಂತಾದ ದೀಪ ಎಬ್ಬಿಸಬಾರ್ದು.” ಕೂತಳು. ತಾನು ಮಾಡಿದ ಕೆಲಸವನ್ನು ತನಗಿಂತ ಅತ್ತೆಯೇ ಹೆಚ್ಚು ನಂಬಿದ್ದಾಳೆ ಎನ್ನುವುದು ಹೊಸ್ತಿಲ ಮೇಲೆ ಕೂತಾಗ ತಿಳಿಯಿತು. ಚಾವಿಯನ್ನು ಮುಷ್ಟಿಯಲ್ಲಿ ಹಿಡಿದು ಹಾಗೇ ಕೂತಳು, ಎಬ್ಬಿಸಲಿಲ್ಲ.

ಏಳು ಗಂಟೆಗೆ ಲಕ್ಷ್ಮಿಕಾಂತ ಬಂದ. ಚಪ್ಪಲಿ ಬಿಡುತ್ತಲೇ ಬಸ್ಸಿಗೆ ಬೈದ. “ಪಂಚರ್ ಆಗಿ ಸುಡುಗಾಡಿನ್ಯಾಗ ನಿಂತಿತ್ತು. ಹಸಿವ್ಯಾಗೇದ, ಏನ್ ಮಾಡೀರಿ?” ಇಬ್ಬರು ಹೆಂಗಸರೂ ಅವನನ್ನು ಬಹಳ ಹೊತ್ತು ನೋಡಿದರು. “ಹಂಗ್ಯಾಕ ನೋಡಾಕತ್ತೀರಿ?” ಎಂದ. ಸುಗಲಮ್ಮ ಅವನ ತಾಟಿಗೆ ಒಂದು ರೊಟ್ಟಿ ಹಾಕಿದಳು, ಸೊಸೆಯ ತಾಟಿಗೆ ಎರಡು.

ಸೋಮವಾರ ಎಂಟೂವರೆಗೆ ಮೌನೇಶ್ವರಿ ಕಾರಿನಲ್ಲಿ ಕೂತಾಗ ತಾಯಪ್ಪ ಕಾಕಾ ಕರೆಯುವ ಮೊದಲೇ ತೋಳು ಮಡಚಿಕೊಂಡು ಬಂದಿದ್ದ, ಹಿಂದೆ ಇನ್ನಿಬ್ಬರು. ಮೂವರೂ ಹಿಂಬದಿಗೆ ಅಂಗೈ ಹಚ್ಚಿ ನಿಂತರು. ಅವಳು ಚಾವಿ ಮೊದಲ ತಿರುವು ತಿರುವಿದಳು. ಟಕ್. ದೀಪ ಬಂತು. ಎಂಟು ತಿಂಗಳಲ್ಲಿ ಮೊದಲ ಸಲ ಅವಳು ಅಜ್ಜನ ಮುಖವನ್ನು ನೇರ ನೋಡಿದಳು. ಸಿಟ್ಟೇನೂ ಇರಲಿಲ್ಲ, ಯಾವಾಗಲೂ ಇರಲಿಲ್ಲವೇನೋ. ಎರಡನೇ ತಿರುವಿಗೆ ಎಂಜಿನ್ ಒಂದೇ ಸಲಕ್ಕೆ ಗುರ್ ಎಂದು ಎದ್ದು ನಿಂತಿತು, ತಳ್ಳಲು ನಿಂತಿದ್ದ ತಾಯಪ್ಪ ಕಾಕಾ ಹೊಗೆಗೆ ಹಿಂದೆ ಜಿಗಿದ. ಆರು ಅಂಗೈ ಗಾಳಿಯಲ್ಲಿ ಹಾಗೇ ಇದ್ದವು.

“ಏನವ್ವ ಇದು, ಧಕ್ಕಾ ಬ್ಯಾಡೇನು?” ಎಂದು ಕೇಳಿದ ಅವನು, ಸ್ವಲ್ಪ ಬೇಸರದಿಂದಲೇ. ಅವಳು ಬಾಯಿ ತೆಗೆಯುವುದರೊಳಗೆ ಕಟ್ಟೆಯ ಮೇಲಿಂದ ಸುಗಲಮ್ಮ ಓಣಿಗೆಲ್ಲ ಕೇಳುವ ಹಾಗೆ ಹೇಳಿದಳು: “ಇನ್ನ ಮ್ಯಾಲೆ ಬ್ಯಾಡಪಾ ತಾಯಪ್ಪ. ನಮ್ಮ ಸೊಸಿ ಒಂದು ಡಬ್ಬಿ ಕುಂದ್ರಿಸ್ಯಾಳ. ಅದರಾಗ ಸಣ್ಣ ಕರೆಂಟ್ ಇರ್ತದ, ದೊಡ್ಡ ಕರೆಂಟ್ ಇರ್ತದ. ಸಣ್ಣದು ಏಳು ಅಂದ್ರ ದೊಡ್ಡದು ಏಳ್ತದ, ಮಲಗು ಅಂದ್ರ ಮಲಗ್ತದ.”

“ದೊಡ್ಡದು ಸಣ್ಣದರ ಮಾತ ಕೇಳ್ತದೇನು?” ಎಂದ ತಾಯಪ್ಪ ಕಾಕಾ.

“ಕೇಳಬೇಕಪಾ,” ಎಂದಳು ಸುಗಲಮ್ಮ. “ಸಣ್ಣದಕ್ಕ ತಿಳಿವಳಿಕಿ ಇತ್ತಂದ್ರ ದೊಡ್ಡದು ಕೇಳಬೇಕು.”

ಮೌನೇಶ್ವರಿ ಗೇರು ಹಾಕಿದಳು. ಇವತ್ತಿನ ಪಾಠ ರಿಲೇ. ಹಲಗೆಯ ಮೇಲೆ ಏನು ಬರೆಯಬೇಕೆಂದು ಅವಳಿಗೆ ಈಗ ಗೊತ್ತಿತ್ತು; ಕೆಳಗೆ ಸುಗಲಮ್ಮ ಎಂದು ಹೆಸರನ್ನೂ ಬರೆಯಬೇಕು ಎಂದುಕೊಳ್ಳುತ್ತ ಹಾರ್ನು ಹೊಡೆದಳು, ಒಂದಲ್ಲ, ಎರಡಲ್ಲ, ಓಣಿ ತಿರುಗುವ ತನಕ.